ಗಂಟಿಗೂ ಕಿವಿ ಇದೆ

(ಶಿರಸಿಯಲ್ಲಿ ಮಹಿಳೆಯರ ಸಭೆಯೊಂದರಲ್ಲಿ ಪೆಥಾಲಜಿ ವೈದ್ಯೆಯೊಬ್ಬರು ಎದೆಯ ಕ್ಯಾನ್ಸರಿನ ರಿಪೋರ್ಟಿನ ಬಗ್ಗೆ ಆಡಿದ ಮಾತಿನ ಬರಹ ರೂಪ)

ಸಿದ್ದಾಪುರ ಕಡೆಯ ಒಂದು ಮನೆಯಿಂದ ಶುರು ಮಾಡುತ್ತೇನೆ. ತಾಯಿಗೆ 58 ವರ್ಷ. ಎದೆಯಲ್ಲಿ ಗಂಟು. ಬಯಾಪ್ಸಿ ಆಯಿತು, ರಿಪೋರ್ಟು ಬಂತು. ಇಂಗ್ಲಿಷಿನಲ್ಲಿ ಎರಡು ಪುಟ. ಮಗ ಡಿಗ್ರಿ ಓದಿದವನು, ಅವನೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಓದಿದ. ಮೊದಲ ಪುಟದ ನಡುವೆ ‘ಗ್ರೇಡ್ 3’ ಎಂದು ಇತ್ತು. ಮೂರನೇ ಸ್ಟೇಜು ಎಂದು ತಿಳಿದು ಮನೆಗೆ ಫೋನ್ ಮಾಡಿಬಿಟ್ಟ. ಅಡಿಕೆಯ ಕೊನೆಕೊಯ್ಲು ನಡೆದಿತ್ತಂತೆ, ಆಳುಗಳನ್ನು ವಾಪಸ್ ಕಳಿಸಿದರು. ಯಾರೋ ಜಮೀನಿನ ಪತ್ರದ ಮಾತನ್ನೂ ಎತ್ತಿದರು. ನನ್ನ ಹತ್ತಿರ ಬರುವ ಹೊತ್ತಿಗೆ ಆ ತಾಯಿ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ನಾನು ಕಾಗದ ನೋಡಿದೆ. ಗಂಟು ಒಂದೂವರೆ ಸೆಂಟಿಮೀಟರ್. ಸ್ಕ್ಯಾನಿನಲ್ಲಿ ಕಂಕುಳ ಗ್ರಂಥಿಗಳಲ್ಲಿ ಏನೂ ಇರಲಿಲ್ಲ. ಬೇರೆ ಕಡೆ ಹರಡಿರಲಿಲ್ಲ. ಅದು ಮೊದಲನೇ ಸ್ಟೇಜು. ಗ್ರೇಡು ಮಾತ್ರ ಮೂರು. ಇವೆರಡು ಬೇರೆ ಬೇರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಗ್ರೇಡು ಅಂದರೆ ಏನು ಅಂತ ಶಿರಸಿಯವರಿಗೆ ನಾನು ಹೇಳಿಕೊಡಬೇಕೇ? ಅಡಿಕೆ ವ್ಯಾಪಾರಕ್ಕೆ ಹೋದವರೆಲ್ಲ ಬಲ್ಲರು. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಕೋಕಾ. ನೀವು ಒಂದು ಚೀಲ ತಂದಿರಿ, ನೂರು ಚೀಲ ತಂದಿರಿ, ಕಳಪೆ ಕೋಕಾ ಕೋಕಾವೇ. ಎಷ್ಟು ಚೀಲ, ಎಷ್ಟು ಕೋಣೆ ತುಂಬಿದೆ ಅನ್ನುವುದು ಸ್ಟೇಜು. ಚೀಲದೊಳಗಿನ ಮಾಲು ಎಂಥದ್ದು ಅನ್ನುವುದು ಗ್ರೇಡು. ವ್ಯಾಪಾರಿ ಅಡಕತ್ತರಿಯಲ್ಲಿ ಸೀಳಿ ಒಳಗೆ ನೋಡುತ್ತಾನಲ್ಲ, ನಾವೂ ಹಾಗೆಯೇ. ಗಂಟನ್ನು ತೆಳ್ಳಗೆ ಸೀಳಿ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗೆ ಇಡುತ್ತೇವೆ. (ಅಡಿಕೆ ಮತ್ತು ಬಾಯಿ ಕ್ಯಾನ್ಸರಿನ ವಿಷಯ ಇವತ್ತು ಬೇಡ. ಆ ಮಾತು ಎತ್ತಿದರೆ ನನಗೆ ಇಲ್ಲಿ ಊಟ ಸಿಗಲಿಕ್ಕಿಲ್ಲ.)

ಏನು ನೋಡುತ್ತೇವೆ? ಮೂರು ಸಂಗತಿ. ಎದೆಯ ಮಾಮೂಲಿ ಜೀವಕೋಶಗಳು ಹಾಲಿನ ನಾಳದ ಸುತ್ತ ಸಾಲಾಗಿ ಕೂತಿರುತ್ತವೆ. ಮದುವೆ ಮನೆಯ ಪಂಕ್ತಿಯ ಹಾಗೆ, ಎಲೆ ಮುಂದಿಟ್ಟುಕೊಂಡು. ಕ್ಯಾನ್ಸರ್ ಆದಾಗ ಪಂಕ್ತಿ ಕೆಡುತ್ತದೆ. ಎಷ್ಟು ಕೆಟ್ಟಿದೆ ಅನ್ನುವುದು ಮೊದಲ ಪ್ರಶ್ನೆ. ಮುಕ್ಕಾಲು ಪಾಲಿಗಿಂತ ಜಾಸ್ತಿ ಜಾಗದಲ್ಲಿ ಇನ್ನೂ ಸಾಲು ಇದ್ದರೆ 1 ಅಂಕ. ಶೇಕಡಾ 10ಕ್ಕಿಂತ ಕಡಿಮೆ ಉಳಿದಿದ್ದರೆ 3 ಅಂಕ. ಅಂದರೆ ಪೂರಾ ಬಫೆ. ಎರಡನೆಯದು, ಜೀವಕೋಶದ ನಡುವಿನ ಕೇಂದ್ರ ಎಷ್ಟು ದೊಡ್ಡದಾಗಿದೆ, ಒಂದಕ್ಕೊಂದು ಎಷ್ಟು ಬೇರೆಯಾಗಿದೆ. ಮೂರನೆಯದು, ಎಷ್ಟು ಜೀವಕೋಶಗಳು ಈಗಲೇ ಒಡೆದು ಎರಡಾಗುತ್ತಿವೆ. ಅದನ್ನು ಕೂತು ಎಣಿಸುತ್ತೇವೆ. ಮೂರಕ್ಕೂ ಒಂದರಿಂದ ಮೂರು ಅಂಕ. ಕೂಡಿಸಿದಾಗ 3ರಿಂದ 5 ಬಂದರೆ ಗ್ರೇಡ್ 1. 6 ಅಥವಾ 7 ಬಂದರೆ ಗ್ರೇಡ್ 2. 8 ಅಥವಾ 9 ಬಂದರೆ ಗ್ರೇಡ್ 3. ನಾಟಿಂಗ್‌ಹ್ಯಾಮ್ ಪದ್ಧತಿ ಎಂದು ಹೆಸರು. ಬ್ಲೂಮ್ ಮತ್ತು ರಿಚರ್ಡ್‌ಸನ್ 1957ರಲ್ಲಿ ಹಾಕಿದ ದಾರಿಯನ್ನು ಎಲ್ಸ್‌ಟನ್ ಮತ್ತು ಎಲ್ಲಿಸ್ 1991ರಲ್ಲಿ ಸರಿಪಡಿಸಿದರು. ಇವತ್ತಿಗೂ ನಡೆಯುತ್ತಿರುವುದು ಅದೇ.

ಇದು ಮನುಷ್ಯರ ಕಣ್ಣು ಮಾಡುವ ಕೆಲಸ. ಒಂದು ಸ್ಲೈಡನ್ನು ನಾನು 2 ಅನ್ನಬಹುದು, ಪಕ್ಕದ ಕುರ್ಚಿಯವರು 3 ಅನ್ನಬಹುದು. ಗ್ರೇಡ್ 1 ಮತ್ತು 3 ಎದ್ದು ಕಾಣುತ್ತವೆ. ಜಗಳ ಬರುವುದು ನಡುವಿನದರಲ್ಲಿ.

ಗ್ರೇಡ್ 3 ಅಂದ ತಕ್ಷಣ ಕೈಚೆಲ್ಲಬೇಡಿ. ಬೇಗ ಬೇಗ ಒಡೆಯುವ ಜೀವಕೋಶದ ಮೇಲೆಯೇ ಕೀಮೋ ಚೆನ್ನಾಗಿ ಕೆಲಸ ಮಾಡುವುದು. ಸೋಮಾರಿ ಗಂಟಿಗೆ ಕೀಮೋ ಅಷ್ಟಾಗಿ ನಾಟುವುದಿಲ್ಲ. ಆ ಸಿದ್ದಾಪುರದ ತಾಯಿಗೆ ನಾನು ಹೇಳಿದ್ದೂ ಇದನ್ನೇ. ಅವರು ಕೇಳಿದ ಮೊದಲ ಪ್ರಶ್ನೆ ಮಾತ್ರ ಬೇರೆ: “ಹಾಗಾದ್ರೆ ನಾಳೆ ಕೊಯ್ಲು ಶುರು ಮಾಡ್ಬಹುದಾ ಡಾಕ್ಟ್ರೇ?”

ಈಗ ರಿಪೋರ್ಟಿನ ಎರಡನೇ ಪುಟ. ಅದನ್ನು ಯಾರೂ ಓದುವುದಿಲ್ಲ. ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಸಾಲು ಇರುತ್ತವೆ. ನನ್ನನ್ನು ಕೇಳಿದರೆ, ಇಡೀ ಕಾಗದದಲ್ಲಿ ಚಿನ್ನ ಇರುವುದು ಆ ಮೂರು ಸಾಲಿನಲ್ಲಿ.

ಇ.ಆರ್. ಅಂದರೆ ಈಸ್ಟ್ರೋಜೆನ್ ರಿಸೆಪ್ಟರ್. ಕನ್ನಡದ ಕೆಲವು ಪುಸ್ತಕಗಳಲ್ಲಿ ‘ಗ್ರಾಹಕ’ ಎಂದು ಬರೆಯುತ್ತಾರೆ. ನನಗೆ ಅದನ್ನು ಓದಿದಾಗಲೆಲ್ಲ ಗ್ರಾಹಕರ ವೇದಿಕೆ, ತೂಕದಲ್ಲಿ ಮೋಸ, ಇವೇ ನೆನಪಾಗುತ್ತವೆ. ಅದಕ್ಕೇ ಇವತ್ತು ಸುಮ್ನೆ ‘ಕಿವಿ’ ಅನ್ನುತ್ತೇನೆ. ಹಾರ್ಮೋನು ಒಂದು ಮಾತು. ರಕ್ತದಲ್ಲಿ ಊರೆಲ್ಲ ಸುತ್ತುತ್ತದೆ. ಆದರೆ ಕಿವಿ ಇರುವ ಜೀವಕೋಶಕ್ಕೆ ಮಾತ್ರ ಕೇಳಿಸುತ್ತದೆ. ‘ಬೆಳೆ’ ಎಂದು ಈಸ್ಟ್ರೋಜೆನ್ ಹೇಳಿದರೆ ಎದೆಯ ಜೀವಕೋಶ ಬೆಳೆಯುತ್ತದೆ. ಹುಡುಗಿ ದೊಡ್ಡವಳಾದಾಗ ಆಗುವುದು ಇದೇ. ಕ್ಯಾನ್ಸರ್ ಆದ ಮೇಲೂ ಎಷ್ಟೋ ಗಂಟುಗಳಲ್ಲಿ ಈ ಕಿವಿ ಉಳಿದಿರುತ್ತದೆ. ಹಾಗೆ ಉಳಿದಿದ್ದರೆ ಇ.ಆರ್. ಪಾಸಿಟಿವ್. ಇಲ್ಲಿ ಪಾಸಿಟಿವ್ ಅನ್ನುವುದು ಒಳ್ಳೆಯ ಸುದ್ದಿ. ಕೋವಿಡ್ ನಮಗೆಲ್ಲ ಆ ಪದದ ಮೇಲೆ ಹೆದರಿಕೆ ಹುಟ್ಟಿಸಿಬಿಟ್ಟಿದೆ, ಅಲ್ವಾ?

ಈ ಕಿವಿಯ ಕಥೆ ಶುರುವಾಗುವುದು ದನದಿಂದ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜಾರ್ಜ್ ಬೀಟ್ಸನ್ ಎಂಬ ಸರ್ಜನ್ ಇದ್ದರು. ಅವರು ಓದುವಾಗ ಬರೆದ ಪ್ರಬಂಧ ಹಾಲು ಉತ್ಪತ್ತಿಯ ಮೇಲೆ. ಕೆಲವು ದೇಶಗಳಲ್ಲಿ ಕರು ಹಾಕಿದ ದನದ ಅಂಡಾಶಯ ತೆಗೆದುಬಿಡುತ್ತಾರೆ, ಹಾಗೆ ಮಾಡಿದರೆ ದನ ಬತ್ತದೆ ಹಾಲು ಕೊಡುತ್ತಲೇ ಇರುತ್ತದೆ ಎಂದು ಆಗ ಅವರಿಗೆ ತಿಳಿಯಿತು. ನಮ್ಮ ಕೊಟ್ಟಿಗೆಯಲ್ಲಿ ಯಾರೂ ಮಾಡದ ಕೆಲಸ, ಬಿಡಿ. ಆದರೆ ಬೀಟ್ಸನ್‌ಗೆ ಒಂದು ಯೋಚನೆ ಬಂತು. ಹೊಟ್ಟೆಯಲ್ಲಿರುವ ಅಂಡಾಶಯ ದೂರದಲ್ಲಿರುವ ಕೆಚ್ಚಲನ್ನು ಆಳುತ್ತದೆ ಎಂದಾದರೆ, ಹೆಂಗಸಿನ ಎದೆಯ ಗಂಟನ್ನೂ ಅದೇ ಆಳುತ್ತಿರಬಹುದಲ್ಲ? 1895ರಲ್ಲಿ, ಆಪರೇಷನ್ ಆದ ಮೇಲೂ ರೋಗ ಮರಳಿ ಬಂದಿದ್ದ 33 ವರ್ಷದ ಒಬ್ಬಳ ಅಂಡಾಶಯ ತೆಗೆದರು. ತಿಂಗಳುಗಳಲ್ಲಿ ಗಂಟು ಕರಗಿತು. 1896ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ನೆನಪಿಡಿ, ಆಗ ಈಸ್ಟ್ರೋಜೆನ್ ಎಂಬ ಹೆಸರೇ ಇರಲಿಲ್ಲ. ಹಾರ್ಮೋನ್ ಎಂಬ ಪದವೂ ಹುಟ್ಟಿರಲಿಲ್ಲ.

ಆಮೇಲೆ ಹಲವರು ಇದನ್ನೇ ಮಾಡಿ ನೋಡಿದರು. ಸುಮಾರು ಮೂವರಲ್ಲಿ ಒಬ್ಬರಿಗೆ ಫಲ ಸಿಕ್ಕಿತು. ಉಳಿದ ಇಬ್ಬರಿಗೆ ಹೊಟ್ಟೆ ಕೊಯ್ಸಿಕೊಂಡದ್ದೇ ಬಂತು. ಯಾರಿಗೆ ಫಲ, ಯಾರಿಗೆ ಇಲ್ಲ ಎಂದು ಮೊದಲೇ ತಿಳಿಯುವ ದಾರಿ 60 ವರ್ಷ ಸಿಗಲಿಲ್ಲ. 1958ರ ಹೊತ್ತಿಗೆ ಶಿಕಾಗೋದಲ್ಲಿ ಎಲ್ವುಡ್ ಜೆನ್ಸನ್ ಈಸ್ಟ್ರೋಜೆನ್‌ಗೆ ವಿಕಿರಣದ ಗುರುತು ಹಚ್ಚಿ ಇಲಿಗಳಿಗೆ ಕೊಟ್ಟು ನೋಡಿದರು. ಗರ್ಭಕೋಶ ಅದನ್ನು ಹಿಡಿದಿಟ್ಟುಕೊಂಡಿತು. ಸ್ನಾಯು ಬಿಟ್ಟುಬಿಟ್ಟಿತು. ಹಿಡಿದಿಟ್ಟುಕೊಳ್ಳುವ ಆ ವಸ್ತುವೇ ನಮ್ಮ ಕಿವಿ. ಗಂಟಿನಲ್ಲಿ ಅದು ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿದರೆ, ಆ ಮೂವರಲ್ಲಿ ಒಬ್ಬರು ಯಾರು ಎಂದು ಗೊತ್ತಾಗತೊಡಗಿತು.

ಕಿವಿ ಸಿಕ್ಕಿತು. ಮುಂದೆ? ಎರಡು ದಾರಿ. ಒಂದೋ ಕಿವಿಗೆ ಹತ್ತಿ ತುಂಬು. ಇಲ್ಲವೋ ಮಾತಾಡುವವರ ಬಾಯಿ ಮುಚ್ಚಿಸು.

ಹತ್ತಿ ಎಂದರೆ ಟ್ಯಾಮೊಕ್ಸಿಫೆನ್. ಇದರದ್ದೂ ಒಂದು ತಮಾಷೆ ಇದೆ. 1962ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಇದನ್ನು ತಯಾರಿಸಿದರು. ಆ ತಂಡ ಹುಡುಕುತ್ತಿದ್ದದ್ದು ಗರ್ಭ ತಡೆಯುವ ಗುಳಿಗೆ. ಇಲಿಯಲ್ಲಿ ಗರ್ಭ ತಡೆಯಿತು. ಹೆಂಗಸರಲ್ಲಿ ಉಲ್ಟಾ, ಅಂಡ ಬಿಡುಗಡೆ ಹೆಚ್ಚೇ ಆಯಿತು. ಗರ್ಭನಿರೋಧಕವಾಗಿ ಪೂರಾ ಫೇಲು. ಕಸದ ಬುಟ್ಟಿಗೆ ಹೋಗಬೇಕಾದ ಗುಳಿಗೆ 1970ರ ದಶಕದಲ್ಲಿ ಎದೆಯ ಕ್ಯಾನ್ಸರಿಗೆ ಔಷಧಿಯಾಯಿತು. ಇವತ್ತು ದಿನಕ್ಕೆ ಕೆಲವೇ ರೂಪಾಯಿ. ಇಷ್ಟು ಅಗ್ಗದ, ಇಷ್ಟು ಜೀವ ಉಳಿಸಿದ ಕ್ಯಾನ್ಸರ್ ಮದ್ದು ಇನ್ನೊಂದನ್ನು ಹುಡುಕುವುದು ಕಷ್ಟ.

ಬಾಯಿ ಮುಚ್ಚಿಸುವುದು ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಜಾತಿಯ ಗುಳಿಗೆಗಳು. ಮುಟ್ಟು ನಿಂತ ಮೇಲೂ ಮೈಯಲ್ಲಿ ಈಸ್ಟ್ರೋಜೆನ್ ಇರುತ್ತದೆ. ಅಂಡಾಶಯ ಸುಮ್ಮನಾದರೂ ಮೈಯ ಕೊಬ್ಬು ಸಣ್ಣಗೆ ತಯಾರಿಸುತ್ತಲೇ ಇರುತ್ತದೆ. ಈ ಗುಳಿಗೆ ಆ ಕಾರ್ಖಾನೆಯನ್ನು ನಿಲ್ಲಿಸುತ್ತದೆ. ಅದಕ್ಕೇ ಇದು ಮುಟ್ಟು ನಿಂತವರಿಗೆ. ಮುಟ್ಟು ನಿಲ್ಲದವರಿಗೆ ಕೊಡಬೇಕಾದರೆ ಮೊದಲು ಅಂಡಾಶಯದ ಕೆಲಸ ನಿಲ್ಲಿಸಬೇಕು. ಕೀಲು ನೋವು, ಮೂಳೆ ಸವೆತ ಇದರ ತೊಂದರೆ. ಟ್ಯಾಮೊಕ್ಸಿಫೆನ್‌ನಲ್ಲಿ ಮೈ ಬಿಸಿಯಾಗಿ ಬೆವರುವುದು, ಅಪರೂಪಕ್ಕೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು. ಮುಟ್ಟು ನಿಂತವರು ಅದನ್ನು ತೆಗೆದುಕೊಳ್ಳುವಾಗ ಮತ್ತೆ ರಕ್ತ ಕಂಡರೆ ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು. ಗರ್ಭಕೋಶದ ಕ್ಯಾನ್ಸರ್ ಸ್ವಲ್ಪ ಜಾಸ್ತಿಯಾಗುವ ಸಾಧ್ಯತೆ ಇದೆ.

ಪಿ.ಆರ್. ಯಾಕೆ ನೋಡುತ್ತಾರೆ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಒಳ್ಳೆಯ ಪ್ರಶ್ನೆ. ಅದು ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನಿನ ಕಿವಿ. ಇ.ಆರ್. ಸರಿಯಾಗಿ ಕೆಲಸ ಮಾಡಿದಾಗಲೇ ಜೀವಕೋಶ ಪಿ.ಆರ್. ತಯಾರಿಸುವುದು. ಕಿವಿ ಇದ್ದವರಿಗೆಲ್ಲ ಕೇಳಿಸುತ್ತದೆ ಎಂದೇನಿಲ್ಲವಲ್ಲ, ನಮ್ಮ ಮನೆಯ ಗಂಡಸರನ್ನೇ ನೋಡಿ. ಪಿ.ಆರ್. ಕಂಡರೆ ಕಿವಿ ಕೇಳುತ್ತಲೂ ಇದೆ ಎಂಬುದಕ್ಕೆ ಸಾಕ್ಷಿ.

ರಿಪೋರ್ಟಿನಲ್ಲಿ ‘8ಕ್ಕೆ 7’ ಎಂಬಂಥ ಅಂಕ ಇರುತ್ತದೆ. ಕಿವಿ ಇದ್ದಲ್ಲಿ ಮಾತ್ರ ಹಿಡಿಯುವ ಬಣ್ಣ ಹಾಕಿ ನೋಡುತ್ತೇವೆ. ಎಷ್ಟು ಜೀವಕೋಶಕ್ಕೆ ಬಣ್ಣ ಹಿಡಿದಿದೆ ಎಂಬುದಕ್ಕೆ 5ರವರೆಗೆ, ಬಣ್ಣ ಎಷ್ಟು ಗಾಢ ಎಂಬುದಕ್ಕೆ 3ರವರೆಗೆ. ನೂರರಲ್ಲಿ ಒಂದೇ ಜೀವಕೋಶಕ್ಕೆ ಬಣ್ಣ ಹಿಡಿದರೂ ಪಾಸಿಟಿವ್ ಎನ್ನುವ ನಿಯಮ ಇದೆ. 1ರಿಂದ 10 ಶೇಕಡಾ ಇದ್ದರೆ ‘ಲೋ ಪಾಸಿಟಿವ್’ ಎಂದು ಬೇರೆಯಾಗಿ ಬರೆಯುತ್ತೇವೆ. ಗುಳಿಗೆಯ ಫಲ ಅಲ್ಲಿ ಅಷ್ಟು ಗಟ್ಟಿಯಲ್ಲ.

ಹರ್-2 ಬೇರೆ ಥರದ ಕಿವಿ. ಜೀವಕೋಶದ ಹೊರಮೈಯಲ್ಲೇ ಇರುತ್ತದೆ. ಎಲ್ಲರಲ್ಲೂ ಸ್ವಲ್ಪ ಇರುವುದೇ. ಐದಾರು ಗಂಟುಗಳಲ್ಲಿ ಒಂದರಲ್ಲಿ ಮಾತ್ರ ವಿಪರೀತ ಹುಟ್ಟಿಕೊಂಡಿರುತ್ತದೆ. ರಿಪೋರ್ಟಿನಲ್ಲಿ 3+ ಇದ್ದರೆ ಪಾಸಿಟಿವ್. 2+ ಇದ್ದರೆ ಅನುಮಾನ, ಫಿಶ್ ಎಂಬ ಇನ್ನೊಂದು ಪರೀಕ್ಷೆ ಬೇಕು. ಕಾರವಾರದಲ್ಲಿ ಒಮ್ಮೆ ಇದನ್ನು ಹೇಳಿದಾಗ ಸಭೆ ನಕ್ಕಿತು. ಮೀನಿಗೂ ಇದಕ್ಕೂ ಸಂಬಂಧ ಇಲ್ಲ. ಮೊದಲು ಹರ್-2 ಎಂದರೆ ಕೆಟ್ಟ ಸುದ್ದಿ. 1998ರಲ್ಲಿ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ ಬಂದ ಮೇಲೆ ಮಾತೇ ಬದಲಾಯಿತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಕಡಿಮೆ ಬೆಲೆಯ ತದ್ರೂಪ ತಂದಿತು. ಈಗಲೂ ಅಗ್ಗ ಅನ್ನಲಾರೆ.

ಮೂರು ಕಿವಿಯೂ ಇಲ್ಲದ ಗಂಟು ಟ್ರಿಪಲ್ ನೆಗೆಟಿವ್. ಅದಕ್ಕೆ ಹಾರ್ಮೋನ್ ಗುಳಿಗೆ ಕೊಟ್ಟು ಪ್ರಯೋಜನ ಇಲ್ಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವೆ. ಬೇರುಹುಳ ಬಿದ್ದ ಮರಕ್ಕೂ ಅದನ್ನೇ ಹೊಡೆದರೆ? ಇಲ್ಲಿ ಕೀಮೋನೇ ಮುಖ್ಯ, ಕೆಲವರಿಗೆ ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಇಮ್ಯುನೋಥೆರಪಿ. ಪಶ್ಚಿಮದ ದೇಶಗಳಲ್ಲಿ ಹತ್ತರಲ್ಲಿ ಏಳೆಂಟು ಗಂಟು ಇ.ಆರ್. ಪಾಸಿಟಿವ್. ನಮ್ಮ ದೇಶದಲ್ಲಿ ಅಷ್ಟಿಲ್ಲ, ಟ್ರಿಪಲ್ ನೆಗೆಟಿವ್ ಪಾಲು ಜಾಸ್ತಿ. ನಮ್ಮಲ್ಲಿ ಚಿಕ್ಕ ವಯಸ್ಸಿನವರು ಹೆಚ್ಚು, ಅದೊಂದು ಕಾರಣ. ಇನ್ನೊಂದು ಕಾರಣವನ್ನು ಹೇಳಲು ನಾಚಿಕೆ. ಕೆಲವು ‘ನೆಗೆಟಿವ್’ಗಳು ನಿಜವಾದ ನೆಗೆಟಿವ್ ಅಲ್ಲ. ಬಾಟಲಿಯಲ್ಲಿ ಹುಟ್ಟಿದ ನೆಗೆಟಿವ್.

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಒಂದು ಆಷಾಢದಲ್ಲಿ ಕರಾವಳಿಯ ಚಿಕ್ಕ ಆಸ್ಪತ್ರೆಯೊಂದರಿಂದ ನಮಗೆ ಗಂಟು ಬಂತು. ಕಿರಿದು ಬಾಯಿಯ ಬಾಟಲಿ. ಆಪರೇಷನ್ ಆದಾಗ ಮೆತ್ತಗಿತ್ತು, ಒತ್ತಿ ತುರುಕಿದ್ದಾರೆ. ಬಾಟಲಿ ತುಂಬ ಗಂಟೇ. ಸಂದಿಯಲ್ಲಿ ನಾಲ್ಕು ಚಮಚ ಫಾರ್ಮಾಲಿನ್, ಅಂದರೆ ಗಂಟು ಕೆಡದಂತೆ ಇಡುವ ದ್ರವ. ಘಟ್ಟದಲ್ಲಿ ಗುಡ್ಡ ಕುಸಿದು ಬಸ್ಸು ಸುತ್ತಿಕೊಂಡು ಬಂದು, ನಮ್ಮ ಕೈ ಸೇರಿದ್ದು ಮೂರನೇ ದಿನ ಸಂಜೆ. ಅಷ್ಟರಲ್ಲಿ ಹೊರಮೈ ಗಟ್ಟಿಯಾಗಿತ್ತು. ಬಾಟಲಿಯಿಂದ ಹೊರಗೆ ಬರಲೊಲ್ಲದು. ಕೊನೆಗೆ ಬಾಟಲಿ ಒಡೆದೆವು. ಕೊಯ್ದು ನೋಡಿದರೆ ನಡುಭಾಗ ಹಳಸಿತ್ತು.

ಮೀನಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬುಟ್ಟಿಯ ಮೇಲೆ ಒಂದು ಹಿಡಿ ಐಸ್ ಹಾಕಿದರೆ ಅಡಿಯ ಬಂಗಡೆ ಉಳಿಯುತ್ತದೆಯೇ? ಗಂಟನ್ನು ಹೊರಗೆ ತೆಗೆದ ಒಂದು ಗಂಟೆಯೊಳಗೆ ಫಾರ್ಮಾಲಿನ್‌ಗೆ ಹಾಕಬೇಕು. ಗಂಟಿನ ಹತ್ತು ಪಟ್ಟು ಫಾರ್ಮಾಲಿನ್ ಬೇಕು. ದೊಡ್ಡದಿದ್ದರೆ ಸೀಳಿ ಹಾಕಬೇಕು, ಒಳಗೆ ಇಳಿಯಲಿ ಎಂದು. ಕಡಿಮೆ ಎಂದರೆ 6 ಗಂಟೆ, ಜಾಸ್ತಿ ಎಂದರೆ 72 ಗಂಟೆ ಅದರಲ್ಲಿರಬಹುದು. ಇದು ತಪ್ಪಿದರೆ ಕಿವಿ ಇದ್ದರೂ ನಮ್ಮ ಬಣ್ಣಕ್ಕೆ ಸಿಗುವುದಿಲ್ಲ.

ಆ ಗಂಟಿಗೆ ಇ.ಆರ್. ಬಣ್ಣ ಹಾಕಿದೆವು. ಸೊನ್ನೆ. ಆದರೆ ಸ್ಲೈಡಿನ ಮೂಲೆಯಲ್ಲಿ ಕ್ಯಾನ್ಸರ್ ಇಲ್ಲದ ಎರಡು ಮಾಮೂಲಿ ನಾಳಗಳಿದ್ದವು. ಮಾಮೂಲಿ ನಾಳದಲ್ಲಿ ಕೆಲವು ಜೀವಕೋಶಕ್ಕಾದರೂ ಬಣ್ಣ ಹಿಡಿಯಲೇಬೇಕು. ಅವೂ ಖಾಲಿ. ಅಂದರೆ ತಪ್ಪು ಗಂಟಿನದಲ್ಲ, ಬಾಟಲಿಯದು. ಆಪರೇಷನ್‌ಗೆ ಮೊದಲು ಸೂಜಿಯಿಂದ ತೆಗೆದ ತುಣುಕಿನ, ಮೇಣದಲ್ಲಿ ಹಾಕಿಟ್ಟ ಬ್ಲಾಕು ಬೇರೆ ಊರಿನಲ್ಲಿದೆ ಎಂದು ತಿಳಿದು ತರಿಸಿದೆವು. ಅದರಲ್ಲಿ 8ಕ್ಕೆ 8. ಆ ಹೆಂಗಸು ಈಗ ಗುಳಿಗೆ ತಿನ್ನುತ್ತಿದ್ದಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಾಗಿದ್ದರೆ, ಆ ಮೂಲೆಯ ನಾಳ ನೋಡದೆ ನಾನೂ ನೆಗೆಟಿವ್ ಎಂದು ಸಹಿ ಹಾಕುತ್ತಿದ್ದೆನೋ ಏನೋ. ಹಾಗೆ ಎಷ್ಟು ಸಹಿ ಹಾಕಿದ್ದೇನೆ ಎಂದು ಕೆಲವು ರಾತ್ರಿ ನೆನಪಾಗುತ್ತದೆ.

ನೀವು ಮಾಡಬಹುದಾದದ್ದು ಇಷ್ಟೇ. ಗಂಟನ್ನು ನಿಮ್ಮ ಕೈಯಲ್ಲೇ ಕೊಟ್ಟು ಹುಬ್ಬಳ್ಳಿಗೋ ಮಣಿಪಾಲಕ್ಕೋ ಒಯ್ಯಿರಿ ಎಂದರೆ, ಡಬ್ಬಿಯ ಬಾಯಿ ಅಗಲ ಇದೆಯಾ ನೋಡಿ. ನೀರಿನಂಥದ್ದು ಏನಿದೆ ಎಂದು ಕೇಳಿ. ಸಲೈನ್ ಅಂದರೆ ಬೇಡ ಅನ್ನಿ. ಎಷ್ಟು ಗಂಟೆಗೆ ಹಾಕಿದ್ದು ಎಂದು ಡಬ್ಬಿಯ ಮೇಲೆ ಬರೆಸಿಕೊಳ್ಳಿ. ಕೇಳಿದರೆ ಡಾಕ್ಟರಿಗೆ ಸಿಟ್ಟು ಬರುತ್ತದೆ ಎನ್ನುತ್ತೀರಿ. ಬರಲಿ, ಒಂದು ಗಳಿಗೆಯ ಸಿಟ್ಟು.

ಗುಳಿಗೆಯ ಬಗ್ಗೆ ಇನ್ನೊಂದು ಮಾತು. ಐದು ವರ್ಷ ಅಂದರೆ ಐದು ವರ್ಷ. ಕೆಲವರಿಗೆ ಹತ್ತು. ಟ್ಯಾಮೊಕ್ಸಿಫೆನ್ ಐದು ವರ್ಷ ತೆಗೆದುಕೊಂಡ ಇ.ಆರ್. ಪಾಸಿಟಿವ್ ಹೆಂಗಸರಲ್ಲಿ, 15 ವರ್ಷದ ಲೆಕ್ಕ ಹಿಡಿದರೆ, ಈ ಕ್ಯಾನ್ಸರಿನಿಂದ ಆಗುವ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆ. ಗುಳಿಗೆ ನಿಲ್ಲಿಸಿದ ಮೇಲೂ ಫಲ ಉಳಿಯುತ್ತದೆ. ಆದರೆ ಎರಡೇ ವರ್ಷಕ್ಕೆ “ಈಗ ಆರಾಮಿದ್ದೆ, ಎಂತಕ್ಕೆ ಸುಮ್ನೆ ತಿನ್ನೋದು” ಎಂದು ಬಿಟ್ಟವರನ್ನು ಬಹಳ ನೋಡಿದ್ದೇನೆ. ಇ.ಆರ್. ಪಾಸಿಟಿವ್ ಗಂಟು ನಿಧಾನದ್ದು, ಒಪ್ಪುತ್ತೇನೆ. ನಿಧಾನದ್ದಕ್ಕೆ ನೆನಪೂ ಉದ್ದ. ಹತ್ತು ವರ್ಷ, ಇಪ್ಪತ್ತು ವರ್ಷದ ಮೇಲೂ ಮೂಳೆಯಲ್ಲಿ ಎದ್ದು ಬರುವುದುಂಟು. ಗ್ರೇಡ್ 3, ಟ್ರಿಪಲ್ ನೆಗೆಟಿವ್ ಹಾಗಲ್ಲ. ಅದು ಬಂದರೆ ಸಾಮಾನ್ಯವಾಗಿ ಮೊದಲ ಕೆಲವು ವರ್ಷದಲ್ಲೇ ಬರುತ್ತದೆ. ಐದು ವರ್ಷ ದಾಟಿದರೆ ಧೈರ್ಯ ಹೆಚ್ಚು.

ಗಂಡಸರು ಹಿಂದೆ ಕೂತು ನಗುತ್ತಿದ್ದೀರಿ. ನೂರರಲ್ಲಿ ಒಂದು ಎದೆಯ ಕ್ಯಾನ್ಸರ್ ನಿಮ್ಮಲ್ಲಿ. ಅದರಲ್ಲಿ ಹೆಚ್ಚಿನವು ಇ.ಆರ್. ಪಾಸಿಟಿವ್ ಕೂಡ.

ಕೊನೆಗೆ ಬ್ಲಾಕಿನ ವಿಷಯ. ಗಂಟಿನ ತುಣುಕನ್ನು ನಾವು ಮೇಣದಲ್ಲಿ ಹಾಕಿ ಗಟ್ಟಿ ಮಾಡುತ್ತೇವೆ. ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ಬೇರೆ ಆಸ್ಪತ್ರೆಯಲ್ಲಿ ತೋರಿಸಬೇಕು ಎಂದರೆ ಕೇಳಿ ಪಡೆಯಬಹುದು. ಅದರಿಂದ ವರ್ಷಗಳ ಮೇಲೂ ಹೊಸ ಪರೀಕ್ಷೆ ಮಾಡಬಹುದು. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ, ಮೇಣ ಕರಗುತ್ತದೆ.

ಅಂಕೋಲಾ ಕಡೆಯ ಒಬ್ಬ ಅಜ್ಜ ಹೀಗೇ ಹೆಂಡತಿಯ ಬ್ಲಾಕು ಪಡೆದುಕೊಂಡು ಹೋದವರು ವಾಪಸ್ ಕೊಡಲೇ ಇಲ್ಲ. ಏಳು ವರ್ಷದ ಮೇಲೆ ಅವರ ಹೆಂಡತಿಗೆ ಸೊಂಟ ನೋವು. ಸ್ಕ್ಯಾನಿನಲ್ಲಿ ಮೂಳೆಯಲ್ಲಿ ಕಲೆ. ಹೊಸ ಬಯಾಪ್ಸಿ ಮಾಡಿದರು, ಯಾಕೆಂದರೆ ಮರಳಿ ಬಂದ ರೋಗದ ಕಿವಿ ಮೊದಲಿನ ಹಾಗೇ ಇರಬೇಕೆಂದಿಲ್ಲ. ಹಳೆಯದರ ಜೊತೆ ಹೋಲಿಸಲು ಬ್ಲಾಕು ಬೇಕು ಎಂದು ನಾನು ಫೋನ್ ಮಾಡಿದೆ. ಸಿಗುವ ಆಸೆ ಇರಲಿಲ್ಲ. ಮರುದಿನ ಮಧ್ಯಾಹ್ನದ ಬಸ್ಸಿಗೆ ಅಜ್ಜ ಬಂದರು. ಪಂಚೆಯ ಗಂಟು ಬಿಚ್ಚಿ ಕುಂಕುಮದ ಕರಡಿಗೆ ತೆಗೆದರು. ಒಳಗೆ ಹತ್ತಿ, ಹತ್ತಿಯೊಳಗೆ ಬ್ಲಾಕು. ಎಲ್ಲಿಟ್ಟಿದ್ದಿರಿ ಅಂತ ಕೇಳಿದೆ.

“ದೇವರ ಕೋಣೆಯಲ್ಲಿ, ತಂಗೀ. ಅದು ಎಂತ ಅಂತ ನಂಗೆ ಗೊತ್ತಾಗ್ಲಿಲ್ಲ. ಬಿಸಾಡೂಕೆ ಮನಸ್ಸು ಬರ್ಲಿಲ್ಲ.”

ಎರಡರಲ್ಲೂ ಇ.ಆರ್. ಪಾಸಿಟಿವ್ ಬಂತು. ಗುಳಿಗೆ ಬದಲಾಯಿಸಿದರು. ಕರಡಿಗೆಯನ್ನು ಅಜ್ಜ ತೊಳೆದು ಕೊಡಿ ಎಂದು ವಾಪಸ್ ತೆಗೆದುಕೊಂಡು ಹೋದರು.